ಜಪಾನಿನ ‘ತ್ತೆ’, ದಾಸರಹಳ್ಳಿಯ ‘ತ್ತೆ’

ಟಿ. ದಾಸರಹಳ್ಳಿ, ಹೊರಡುವ ಹಿಂದಿನ ಭಾನುವಾರ

ಜಪಾನಿಗೆ ಹೋಗಿ ಬಂದೆ ಎಂದರೆ ಜನ ಮೊದಲು ರೈಲಿನ ಬಗ್ಗೆ ಕೇಳುತ್ತಾರೆ. ರೈಲು ಚೆನ್ನಾಗಿತ್ತು. ಹೇಳಿದ ಹೊತ್ತಿಗೆ ಬಂತು, ಹೇಳಿದ ಹೊತ್ತಿಗೆ ಹೋಯಿತು, ಅಷ್ಟೇ. ನಾನು ಹೇಳಬೇಕೆಂದಿರುವುದು ಒಂದೇ ಒಂದು ಅಕ್ಷರದ ವಿಷಯ. ಆರು ವಾರದ ಪ್ರವಾಸದಿಂದ ನಾನು ಹೊತ್ತು ತಂದದ್ದು ಅದೊಂದೇ. ಹೋಗುವಾಗ ಇಲ್ಲಿಂದ ಹೊತ್ತೊಯ್ದದ್ದೂ ಅದನ್ನೇ.

ನಾನು ಮತ್ತು ಬಸು ಪೀಣ್ಯ ಎರಡನೇ ಹಂತದ ಒಂದು ಮಷೀನ್ ಶಾಪ್‌ನಲ್ಲಿ ಕೆಲಸಕ್ಕಿದ್ದೆವು. ದಾಸರಹಳ್ಳಿಯಲ್ಲಿ ಇಬ್ಬರಿಗೂ ಒಂದೇ ರೂಮು. ನಾನು ಪರ್ಮನೆಂಟ್, ಅವನು ಕಾಂಟ್ರಾಕ್ಟ್. ಭಾನುವಾರ ಬೆಳಿಗ್ಗೆ ಬಟ್ಟೆ ನೆನೆಹಾಕಿ, ಇನ್ನೊಂದು ಬಕೆಟ್ ಬೋರಲು ಹಾಕಿ ಅದರ ಮೇಲೆ ನನ್ನ ಹಳೆಯ ಲ್ಯಾಪ್‌ಟಾಪ್ ಇಟ್ಟು ಅನಿಮೆ ನೋಡುವುದು ನಮ್ಮ ಪದ್ಧತಿ. ಅನಿಮೆ ಎಂದರೆ ಜಪಾನಿನವರ ಚಿತ್ರದ ಸೀರಿಯಲ್ಲು. ಅಲ್ಲಿ ಟೀವಿಯಲ್ಲಿ ವಾರಕ್ಕೊಂದು ಕಂತು ಬಂದರೆ, ಯಾರೋ ಪುಣ್ಯಾತ್ಮರು ಎರಡು ದಿನದಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಹಾಕಿ ಇಂಟರ್‌ನೆಟ್ಟಿಗೆ ಬಿಡುತ್ತಿದ್ದರು. ಆ ಸಬ್‌ಟೈಟಲ್ ಓದುತ್ತ, ಮಾತಿಗೆ ಕಿವಿಗೊಡುತ್ತ, ಡೈರಿಯಲ್ಲಿ ಬರೆದುಕೊಳ್ಳುತ್ತ ನಾನು ಜಪಾನೀಸ್ ಕಲಿತೆ. ಕಲಿತೆ ಎಂದುಕೊಂಡಿದ್ದೆ.

ಆಗ ನಾವು ನೋಡುತ್ತಿದ್ದುದು ನಾಗಿ ಎಂಬ ಹುಡುಗಿಯ ಕಥೆ. ಹನ್ನೆರಡು ಕಂತು. ಒಂದು ಬಂದರಿನಿಂದ ಸಮುದ್ರವೇ ಹಿಂದಕ್ಕೆ ಹೋಗಿಬಿಟ್ಟಿದೆ. ಊರಿನವರು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟುತ್ತಿದ್ದಾರೆ. ನಾಗಿ ಮಾತ್ರ ಅಜ್ಜನ ದೋಣಿಯನ್ನು ಮರದ ದಿಮ್ಮಿಗಳ ಮೇಲೆ ನಿಲ್ಲಿಸಿ, ವಾರಕ್ಕೊಂದು ಭಾಗದಂತೆ ರಿಪೇರಿ ಮಾಡುತ್ತಾಳೆ. ನಾಗಿ ಎಂಬ ಹೆಸರಿಗೇ ಬಸು ಮರುಳಾಗಿದ್ದ. ಅವನ ಊರು ಇಳಕಲ್ಲಿನಲ್ಲಿ ಅವನ ಅತ್ತೆಯ ಹೆಸರೂ ನಾಗಿಯೇ ಅಂತೆ.

“ನೀರಿಲ್ಲದ ದೋಣಿಗೆ ಯಾಕ ಬಣ್ಣ ಹಚ್ಚಾಕತ್ತಾಳಲೇ ಈಕಿ? ಒಂದ್ ಟ್ಯಾಂಕರ್ ತರಸಂತ ಹೇಳು,” ಎನ್ನುತ್ತಿದ್ದ. ನಮ್ಮ ಬೀದಿಗೆ ಟ್ಯಾಂಕರ್ ಬಂದು ಆಗ ಐದು ದಿನವಾಗಿತ್ತು. “ಆ ಪ್ರೊಪೆಲ್ಲರ್ ಶಾಫ್ಟಿಗೆ ಗ್ರೀಸ್ ಹಾಕ್ಲಿಲ್ಲ ನೋಡು. ಸಮುದ್ರ ಬಂದ್ರೂ ಜಾಮ್ ಆಗ್ತೈತಿ ಅದು.”

ಆರನೇ ಕಂತಿನಲ್ಲಿ ಟಪಾಲು ಹಂಚುವ ಹೆಂಗಸು ಸೈಕಲ್ ನಿಲ್ಲಿಸಿ ನಾಗಿಗೆ ಒಂದು ಮಾತು ಹೇಳುತ್ತಾಳೆ. “ಉಮಿ ಗಾ ಕಯೆತ್ತೆ ಕುರುತ್ತೆ.” ಕೆಳಗೆ ಇಂಗ್ಲಿಷಿನಲ್ಲಿ, ಸಮುದ್ರ ವಾಪಸ್ ಬರುತ್ತೆ ಎಂದು ಬಂತು. ನಾನು ನಿಲ್ಲಿಸಿದೆ. ಹಿಂದಕ್ಕೆ ಹೋಗಿ ಮತ್ತೆ ಕೇಳಿದೆ.

“ಕೇಳಿಸ್ಕೊಂಡ್ಯಾ ಗುರು? ಕುರು ಅಂದ್ರೆ ಬರೋದು. ಕುರುತ್ತೆ ಅಂದ್ರೆ ಬರುತ್ತೆ! ಅವರದ್ದೂ ನಮ್ಮ ‘ತ್ತೆ’ನೇ ಕಣೋ!”

“ನಮ್ಮದಲ್ಲ, ನಿಮ್ಮದು,” ಬಸು ತಿದ್ದಿದ. “ನಮ್ಮ ಕಡೆ ಬರತೈತಿ ಅಂತೀವಿ. ಜಪಾನ್‌ದವ್ರು ಇಳಕಲ್ಲಿಗೆ ಬಂದಿಲ್ಲ, ಬೆಂಗ್ಳೂರಾಗ ಇಳದು ಕಲ್ತು ಹೋಗ್ಯಾರ.”

ನಗಾಡಿದೆವು. ಆದರೆ ನಾನು ಡೈರಿಯಲ್ಲಿ ಬರೆದು ಎರಡು ಗೆರೆ ಎಳೆದೆ. ಜಪಾನೀಸ್ ತ್ತೆ, ಕನ್ನಡ ತ್ತೆ, ಎರಡೂ ಒಂದೇ. ಅದಾದ ಮೇಲೆ ಬಸು ಪೀಣ್ಯದಲ್ಲಿ ಎಲ್ಲರ ಮುಂದೆಯೂ ನನ್ನನ್ನು ಜಪಾನ್ ಪಂಡಿತ ಎಂದೇ ಕರೆದ. ನನಗೂ ಅದು ಹಿತವಾಗಿಯೇ ಇತ್ತು.

ನಾನು ಜಪಾನಿಗೆ ಹೊರಟದ್ದು ಮಷೀನಿನ ಬೆಡ್ಡನ್ನು, ಎಂದರೆ ಅದರ ಕಬ್ಬಿಣದ ಹಾಸನ್ನು, ಕೈಯಿಂದ ಕೆರೆದು ಸಮ ಮಾಡುವ ಕೆಲಸ ಕಲಿಯಲು. ಅಲ್ಲಿನ ಒಂದು ಕಂಪನಿಗಾಗಿ ನಮ್ಮ ಶಾಪ್‌ನಲ್ಲಿ ಆ ಕೆಲಸದ ಹೊಸ ಸೆಕ್ಷನ್ ತೆರೆಯುವ ಮಾತು ನಡೆದಿತ್ತು. ತೆರೆದರೆ ಕಾಂಟ್ರಾಕ್ಟ್‌ನವರಲ್ಲಿ ಹತ್ತು ಜನ ಪರ್ಮನೆಂಟ್, ಬಸು ಮೊದಲನೆಯವನು. ಅವನಿಗೆ ಮದುವೆಯಾಗಿ ನಾಲ್ಕು ವರ್ಷ. ಹೆಂಡತಿ ಮಂಜುಳಾ ಇಳಕಲ್ಲಿನ ಒಂದು ನರ್ಸರಿ ಶಾಲೆಯಲ್ಲಿ ಟೀಚರ್. ಗಂಡ ಹೆಂಡತಿ ಒಂದೇ ಸೂರಿನಡಿ ಇದ್ದದ್ದು ಹಬ್ಬದ ರಜೆಗಳಲ್ಲಿ ಮಾತ್ರ. ಪರ್ಮನೆಂಟ್ ಆದ ದಿನ ಅವಳನ್ನು ಕರೆತರುವುದು ಎಂದು ಮಾತಾಗಿತ್ತು. ಅವಳು ನನಗಾಗಿ ಬಸ್ಸಿನಲ್ಲಿ ಒಂದು ಗಂಟು ಕಳಿಸಿದ್ದಳು. ಕಡಕ್ ರೊಟ್ಟಿ, ಶೇಂಗಾ ಚಟ್ನಿ.

ಮೊದಲ ವಾರ, ಹಾಸ್ಟೆಲ್ಲು

ವಿಮಾನದಲ್ಲೇ ನನ್ನ ಪಾಂಡಿತ್ಯದ ಮೊದಲ ಪರೀಕ್ಷೆಯಾಯಿತು. ನೀರು ಬೇಕೆಂದು ಗಗನಸಖಿಗೆ ಜಪಾನೀಸಿನಲ್ಲಿ ಹೇಳಿದೆ. ಆಕೆ ಒಂದು ಕ್ಷಣ ನಿಂತು, ತುಟಿ ಕಚ್ಚಿಕೊಂಡು ನಕ್ಕು, ಎರಡು ಲೋಟ ತಂದಳು. ನಾನು ನಾಗಿ ತನ್ನ ಅಜ್ಜನಿಗೆ ದೋಣಿಯ ಮೇಲಿನಿಂದ ಕೂಗುವ ಹಾಗೆ “ನೀರು ತಾರೋ” ಎಂದಿದ್ದೆ ಎಂಬುದು ಆಮೇಲೆ ಗೊತ್ತಾಯಿತು.

ನಗೋಯಾದಿಂದ ರೈಲಿನಲ್ಲಿ ಒಂದು ಗಂಟೆ ದೂರದ ಸಣ್ಣ ಊರು. ಅರ್ಧ ಅಂಗಡಿಗಳ ಶಟರ್ ಎಳೆದಿತ್ತು, ರಜೆ ಎಂದುಕೊಂಡೆ. ಮಾರನೆಯ ದಿನವೂ ಎಳೆದಿತ್ತು. ಎಂಟು ದಿನವಾದರೂ ತೆಗೆಯಲಿಲ್ಲ. ನಮ್ಮ ತುಮಕೂರು ರಸ್ತೆಯಲ್ಲಿ ಒಂದು ಶಟರ್ ಎರಡು ದಿನ ಮುಚ್ಚಿದ್ದರೆ ಮೂರನೇ ದಿನ ಅದರ ಮುಂದೆ ಪಾನಿಪೂರಿ ಗಾಡಿ ನಿಂತಿರುತ್ತದೆ. ಇಲ್ಲಿ ಮುಚ್ಚಿದ್ದು ಮುಚ್ಚಿಯೇ ಇರುತ್ತದೆ.

ನಮ್ಮ ಹಾಸ್ಟೆಲ್ಲನ್ನು ನೋಡಿಕೊಳ್ಳುವವರು ಕಿತಾ-ಸಾನ್ ಎಂಬ ಅರವತ್ತು ದಾಟಿದ ಹೆಂಗಸು. ಸಾನ್ ಎಂದರೆ ನಮ್ಮ ‘ಅವರು’ ಇದ್ದ ಹಾಗೆ. ಅಡುಗೆಮನೆಯ ಕಪಾಟಿನಲ್ಲಿಟ್ಟಿದ್ದ ಮಂಜುಳಾಳ ಕಡಕ್ ರೊಟ್ಟಿಯನ್ನು ಆಕೆ ದೊಡ್ಡ ಅಕ್ಕಿ ಬಿಸ್ಕತ್ತು ಎಂದು ತಿಳಿದು, ಮುರಿದು, ತಟ್ಟೆಯಲ್ಲಿ ಜೋಡಿಸಿ, ಬಂದ ನೆಂಟರಿಗೆ ಹಸಿರು ಟೀ ಜೊತೆ ಕೊಟ್ಟುಬಿಟ್ಟಿದ್ದರು. ನಾನು ಬಂದಾಗ ಮೂವರು ಮುದುಕಿಯರು ಕಟಂ ಕಟಂ ಎಂದು ತಿನ್ನುತ್ತಿದ್ದರು. ತಪ್ಪಾಯಿತೆಂದು ಆಕೆ ಬಗ್ಗಿದ ಪರಿಗೆ ನನಗೇ ನಾಚಿಕೆಯಾಯಿತು. ಯಾರು ಮಾಡಿದ್ದು ಎಂದು ಸನ್ನೆಯಲ್ಲಿ ಕೇಳಿದರು. ಗೆಳೆಯನ ಹೆಂಡತಿ, ಟೀಚರ್ ಎಂದೆ. ಟೀಚರಿಗೆ ಧನ್ಯವಾದ ಹೇಳಬೇಕು ಎಂದು ಮೂವರೂ ಸೇರಿ ಮತ್ತೊಮ್ಮೆ ಬಗ್ಗಿದರು, ಇಳಕಲ್ ಯಾವ ದಿಕ್ಕಿನಲ್ಲಿದೆಯೋ ತಿಳಿಯದೆ ಗೋಡೆಯ ಕಡೆಗೆ.

ಭಾನುವಾರ ಸಂಜೆ ಏಳನೇ ಕಂತು ಬಂತು. ಅಡುಗೆಮನೆಯ ಟೀವಿಯ ಮುಂದೆ ಮೊದಲೇ ಹೋಗಿ ಕೂತೆ. ದಾಸರಹಳ್ಳಿಗಿಂತ ಮೊದಲೇ ನೋಡುವ ಭಾಗ್ಯ! ಐದು ನಿಮಿಷದಲ್ಲಿ ಬೆವರಿದೆ. ಒಂದು ವಾಕ್ಯವೂ ಪೂರ್ತಿ ಅರ್ಥವಾಗಲಿಲ್ಲ. ಕೆಳಗೆ ಇಂಗ್ಲಿಷ್ ಇಲ್ಲ, ಬರೀ ನಾಗಿಯ ಬಾಯಿ ಅಲ್ಲಾಡುತ್ತಿದೆ. ಮೂರು ವರ್ಷದಿಂದ ನಾನು ಕಿವಿಯಿಂದ ಕೇಳುತ್ತಿದ್ದೇನೆ ಎಂದುಕೊಂಡಿದ್ದನ್ನು ಕಣ್ಣಿನಿಂದ ಓದುತ್ತಿದ್ದೆ, ಅಷ್ಟೇ.

ಎರಡನೇ ವಾರ, ಕಾರ್ಖಾನೆ

ನನಗೆ ಕೆಲಸ ಕಲಿಸಿದವರು ಮೊರಿ-ಸಾನ್. ನಿವೃತ್ತಿಗೆ ಎರಡು ವರ್ಷವಿತ್ತು. ಅವರ ಮಾತನ್ನು ಕಂಪನಿಯ ಇಂಟರ್‌ಪ್ರಿಟರ್ ನನಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದ. ಕಬ್ಬಿಣದ ಬೆಡ್ಡಿನ ಮೇಲೆ ಬಣ್ಣ ಹಚ್ಚಿದ ಸಮತಟ್ಟು ಪ್ಲೇಟು ಉಜ್ಜಬೇಕು. ಎಲ್ಲಿ ಉಬ್ಬಿದೆಯೋ ಅಲ್ಲಿ ಬಣ್ಣ ಹತ್ತುತ್ತದೆ. ಅಲ್ಲಷ್ಟೇ ಉಳಿಯಿಂದ ಕೆರೆಯಬೇಕು. ಪೀಣ್ಯದಲ್ಲಿ ನಾವು ನೀಲಿ ಹಚ್ಚುತ್ತೇವೆ, ಅವರದು ಕೆಂಪು. ನಾನು ಕಣ್ಣಂದಾಜಿನಲ್ಲಿ ಕೆರೆಯಲು ಹೋದಾಗಲೆಲ್ಲ ಅವರು ನನ್ನ ಮೊಣಕೈ ಹಿಡಿದು ನಿಲ್ಲಿಸುತ್ತಿದ್ದರು. “ಉಜ್ಜಿ ನೋಡಿದೆಯಾ?” ಇಲ್ಲ. “ಹಾಗಾದರೆ ಅಲ್ಲಿ ಉಬ್ಬಿದೆ ಎಂದು ಯಾರು ಹೇಳಿದರು?”

ಅಲ್ಲಿ ಎಲ್ಲವನ್ನೂ ಬೆರಳು ಮಾಡಿ ತೋರಿಸಿ, “ಯೊಶಿ”, ಸರಿ ಇದೆ, ಎಂದು ಗಟ್ಟಿಯಾಗಿ ಹೇಳಬೇಕು. ಸ್ವಿಚ್ಚು ಆರಿಸಿದರೆ ಸ್ವಿಚ್ಚಿಗೆ ಬೆರಳು. ಬಾಗಿಲು ಹಾಕಿದರೆ ಬಾಗಿಲಿಗೆ ಬೆರಳು. ನಮ್ಮಲ್ಲಿ “ಆಯ್ತು ಬಿಡು ಮಗಾ” ಎಂದರೆ ಮುಗಿಯಿತು.

ಮೊರಿ-ಸಾನ್ ಕೂಡ ನಾಗಿಯನ್ನು ನೋಡುತ್ತಾರೆಂದು ಗೊತ್ತಾದಾಗ ಖುಷಿಯಾಯಿತು. ಹೇಗಿದೆ ಎಂದು ಕೇಳಿದೆ. ಬಹಳ ಹೊತ್ತು ಯೋಚಿಸಿ ಹೇಳಿದರು. “ಆ ಶಾಫ್ಟಿಗೆ ಗ್ರೀಸ್ ಹಾಕಿಲ್ಲ.”

ಆ ಭಾನುವಾರ ಒಬ್ಬನೇ ಸಮುದ್ರ ನೋಡಲು ಹೋದೆ. ನಾನು ತುಮಕೂರು ಕಡೆಯವನು, ಅದುವರೆಗೆ ಸಮುದ್ರ ನೋಡಿದವನಲ್ಲ. ಹೋಗಿ ನೋಡಿದರೆ ಸಮುದ್ರವಿಲ್ಲ! ಕಣ್ಣು ಹಾಯುವಷ್ಟು ದೂರ ಕೆಸರು, ಅದರಲ್ಲಿ ವಾಲಿಕೊಂಡ ದೋಣಿಗಳು. ಕಪ್ಪೆಚಿಪ್ಪು ಆರಿಸುತ್ತಿದ್ದ ಮುದುಕನೊಬ್ಬ ನನ್ನ ಮುಖ ನೋಡಿ ಗಡಿಯಾರ ತೋರಿಸಿ, ನಾಲ್ಕು ಬೆರಳೆತ್ತಿದ. ನಾಲ್ಕು ಗಂಟೆಯ ಹೊತ್ತಿಗೆ ನೀರು ತಾನಾಗಿ ತೆವಳಿಕೊಂಡು ಬಂತು, ದೋಣಿಗಳು ಒಂದೊಂದಾಗಿ ಎದ್ದು ನಿಂತವು. ಇಳಿತ ಭರತ ಎಂದು ಪುಸ್ತಕದಲ್ಲಿ ಓದಿದ್ದೆ, ಆದರೆ ಆ ಹೊತ್ತಿನಲ್ಲಿ ನನಗೆ ಬೇರೆಯೇ ಅನಿಸಿತು. ಕುರುತ್ತೆ ಎಂದರೆ ಬಂದೇ ಬರುತ್ತೆ. ಸಂದೇಹವೇ ಇಲ್ಲ.

ಮೂರನೇ ವಾರ, ಟೀ ಹೊತ್ತು

ಬುಧವಾರ ಟೀಗೆ ಕೂತಾಗ ಮೊರಿ-ಸಾನ್ ಉಳಿ ಒರೆಸುತ್ತ, ನನ್ನ ಕಡೆ ನೋಡದೆಯೇ, ಒಂದು ಮಾತು ಹೇಳಿದರು. ಇಂಡಿಯಾದ ಹೊಸ ಸೆಕ್ಷನ್ನಿನ ಹೆಸರೆತ್ತಿ, ಏಪ್ರಿಲ್‌ನಿಂದ ಎಂದು ಹೇಳಿ, ಕೊನೆಗೆ, “ಹಜಿಮಾರುತ್ತೆ.”

ಹಜಿಮಾರು ಎಂದರೆ ಶುರುವಾಗು. ಅದು ನನ್ನ ಡೈರಿಯ ಮೊದಲ ಪುಟದಲ್ಲೇ ಇದೆ. ಹಜಿಮಾರುತ್ತೆ. ಶುರುವಾಗುತ್ತೆ! ಇಷ್ಟು ವಾರಗಳಲ್ಲಿ ಸಬ್‌ಟೈಟಲ್ ಇಲ್ಲದೆ ನನಗೆ ಪೂರ್ತಿ ಅರ್ಥವಾದ ಮೊದಲ ವಾಕ್ಯ ಅದು. ಬಾಯಲ್ಲಿದ್ದ ಟೀ ನುಂಗಲೂ ಮರೆತೆ.

ಸಂಜೆ ಹಾಸ್ಟೆಲ್ಲಿನ ಕಂಪ್ಯೂಟರಿನಿಂದ ಬಸುವಿಗೆ ಫೋನ್ ಮಾಡಿದೆ.

“ಮಗಾ, ಏಪ್ರಿಲ್‌ನಿಂದ ಶುರುವಾಗುತ್ತೆ!”

“ಖರೇನಾ? ಯಾರು ಹೇಳಿದ್ರಲೇ?”

“ನಮ್ಮ ಮೊರಿ-ಸಾನ್. ಜಪಾನೀಸಲ್ಲೇ ಹೇಳಿದ್ರು, ನಾನೇ ಕಿವಿಯಾರ ಕೇಳ್ದೆ. ಇಂಟರ್‌ಪ್ರಿಟರೂ ಇಲ್ಲ, ಯಾರೂ ಇಲ್ಲ.”

ಬೀದಿಯ ಸದ್ದು ದೂರವಾಯಿತು, ಬಸು ಪಕ್ಕಕ್ಕೆ ಸರಿದಿರಬೇಕು. “ನೋಡ್ ಗಿರಿ, ನಾ ಮಂಜುಳಾಗ ಹೇಳ್ತೀನಿ. ಹೇಳಿದ್ರ ಆಕಿ ಸಾಲಿಗೆ ರಾಜೀನಾಮೆ ಕೊಡ್ತಾಳ. ಈ ತಿಂಗಳದಾಗ ಕೊಟ್ರ ಅಷ್ಟ ಬಿಡ್ತಾರ ಅವರು, ಇಲ್ಲಾಂದ್ರ ಮತ್ತೊಂದು ವರ್ಷ. ಅದಕ್ಕ ಕೇಳಾಕತ್ತೀನಿ. ಶುರುವಾಗ್ತೈತಿ ಅಂತನ ಅಂದ್ರೋ, ಇಲ್ಲಾ...”

“ಶುರುವಾಗುತ್ತೆ ಅಂದ್ರು ಗುರು. ಹೇಳು ನೀನು.”

“ಜಪಾನ್ ಪಂಡಿತ ಹೇಳಿದ ಮ್ಯಾಲೆ ಮುಗೀತು,” ಎಂದು ಬಸು ನಕ್ಕ. ಅಷ್ಟು ಹಗುರವಾಗಿ ಅವನು ನಕ್ಕಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಐದನೇ ಭಾನುವಾರ, ಕಿತಾ-ಸಾನ್ ಅಡುಗೆಮನೆ

ಹನ್ನೊಂದನೇ ಕಂತು. ಊರಿನಲ್ಲಿ ನಾಗಿಯೊಬ್ಬಳೇ ಉಳಿದಿದ್ದಾಳೆ. ಟಪಾಲಿನ ಹೆಂಗಸೂ ಸೈಕಲ್ಲಿಗೆ ಗಂಟು ಕಟ್ಟಿ ಹೊರಟುಹೋದಳು. ಸಮುದ್ರದ ಸುಳಿವಿಲ್ಲ. ಕಿತಾ-ಸಾನ್ ಬಟಾಣಿ ಸುಲಿಯುತ್ತ, ಬರುವುದಿಲ್ಲ, ಪಾಪ, ಎಂದರು.

ನನಗೆ ತಡೆಯಲಾಗಲಿಲ್ಲ. ಮುರುಕು ಜಪಾನೀಸಿನಲ್ಲಿ ವಾದಿಸಿದೆ. ಬರುತ್ತೆ ಎಂದು ಆರನೇ ಕಂತಿನಲ್ಲಿ ಟಪಾಲಿನವಳು ಹೇಳಿದಳಲ್ಲ, ಕುರುತ್ತೆ ಎಂದು!

ಕಿತಾ-ಸಾನ್ ಬಟಾಣಿ ಕೆಳಗಿಟ್ಟರು. “ಕುರು,” ಎಂದು ನೆಲಕ್ಕೆ ಬೆರಳು ಮಾಡಿ ತೋರಿಸಿದರು. ಬರುವುದು. ಆಮೇಲೆ “ತ್ತೆ” ಎಂದು ಕೈಯನ್ನು ಕಿವಿಯ ಹಿಂದೆ ಇಟ್ಟುಕೊಂಡರು. ನನಗೆ ತಿಳಿಯಲಿಲ್ಲ. ಆಕೆ ಎರಡು ಕೈಗಳ ಬೆರಳನ್ನು ಹಕ್ಕಿಯ ಕೊಕ್ಕಿನಂತೆ ಮಾಡಿ, ಒಂದು ಇನ್ನೊಂದರ ಕಿವಿಯಲ್ಲಿ ಪಿಸುಗುಟ್ಟುವಂತೆ ಆಡಿಸಿದರು. ತ್ತೆ, ತ್ತೆ, ತ್ತೆ. ಯಾರೋ ಹೇಳಿದರು, ನಾನು ಕೇಳಿದೆ, ನಾನು ನೋಡಿಲ್ಲ.

ಅಂತೆ.

ಜಪಾನಿನ ‘ತ್ತೆ’ ಎಂದರೆ ನಮ್ಮ ‘ಅಂತೆ’. ಬರುತ್ತೆ ಅಲ್ಲ, ಬರುತ್ತಂತೆ. ಬರೀ ಅಂತೆಕಂತೆ. ಸಬ್‌ಟೈಟಲ್ ಹಾಕಿದವರು ಅದನ್ನು ಬಿಟ್ಟಿದ್ದರು, ಇಂಗ್ಲಿಷಿನಲ್ಲಿ ಅದಕ್ಕೊಂದು ಅಕ್ಷರ ಸಿಕ್ಕಿರಲಿಕ್ಕಿಲ್ಲ. ಕನ್ನಡದಲ್ಲಿ ಸಿಗುತ್ತಿತ್ತು. ನಮ್ಮಲ್ಲಿ ಅದು ಬಾಯಿಬಾಯಲ್ಲಿದೆ. ಮೆಟ್ರೋ ಬರುತ್ತಂತೆ, ಕಾವೇರಿ ನೀರು ಬರುತ್ತಂತೆ ಎಂದು ದಾಸರಹಳ್ಳಿಯಲ್ಲಿ ಹಾಲಿನ ಅಂಗಡಿಯವನೂ ಎಚ್ಚರದಿಂದ ‘ಅಂತೆ’ ಸೇರಿಸಿಯೇ ಮಾತಾಡುತ್ತಾನೆ. ಈ ಸೀರಿಯಲ್ ನೋಡಿದ ಜಪಾನಿನ ಸಣ್ಣ ಮಕ್ಕಳಿಗೂ ಆರನೇ ಕಂತಿನಲ್ಲೇ ಅದು ಗಾಳಿಮಾತೆಂದು ಗೊತ್ತಿತ್ತು. ಹಬ್ಬ ಮಾಡಿದವರು ನಾವಿಬ್ಬರೇ.

ಟೀವಿಯಲ್ಲಿ ನಾಗಿ ಏನು ಮಾಡುತ್ತಿದ್ದಳೋ ನನಗೆ ಕಾಣಲಿಲ್ಲ. ಹಜಿಮಾರುತ್ತೆ. ಶುರುವಾಗುತ್ತಂತೆ.

ಸೋಮವಾರ

ಬೆಳಿಗ್ಗೆ ಇಂಟರ್‌ಪ್ರಿಟರನ್ನು ಕರೆದುಕೊಂಡು ಹೋಗಿ ಮೊರಿ-ಸಾನ್‌ರನ್ನು ಕೇಳಿದೆ. ಏಪ್ರಿಲ್ ಎಂದು ನಿಮಗೆ ಹೇಳಿದವರು ಯಾರು? ಕ್ಯಾಂಟೀನಿನಲ್ಲಿ ಯಾರೋ ಮಾತಾಡುತ್ತಿದ್ದರು ಎಂದರು. ಉಳಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟು, ತಲೆ ತಗ್ಗಿಸಿ ಹೇಳಿದರು. “ಯಮೆ ನಿ ನತ್ತ.” ಇಂಡಿಯಾದ ಸೆಕ್ಷನ್ ಕೈಬಿಟ್ಟರು. ಶುಕ್ರವಾರ ಕಂಪನಿಯವರು ಹೇಳಿದರಂತೆ. ಇಲ್ಲಿನ ಸೆಕ್ಷನ್ನನ್ನೂ ಮುಂದಿನ ವರ್ಷ ಮುಚ್ಚುತ್ತಾರಂತೆ, ತಮ್ಮ ನಂತರ ಕಲಿಯುವವರಿಲ್ಲ. ಯಮೆ ಎಂಬ ಮಾತಿಗೆ, ಯಮನ ಹೆಸರು ಕೇಳಿ ಬೆಳೆದ ಕನ್ನಡದವನಿಗೆ ಸಬ್‌ಟೈಟಲ್ ಬೇಕಿಲ್ಲ.

ಆಮೇಲೂ ಅವರು ನನಗೆ ಕಲಿಸುವುದನ್ನು ಬಿಡಲಿಲ್ಲ. ಕೆಂಪು ಹಚ್ಚಿದರು, ಪ್ಲೇಟು ಉಜ್ಜಿದರು, ಬೆರಳು ಮಾಡಿ ತೋರಿಸಿದರು. ಯಾವುದಕ್ಕೂ ಬೇಡವಾದ ಕೆಲಸವನ್ನು ನಾವಿಬ್ಬರೂ ಸಂಜೆಯವರೆಗೆ ಅಷ್ಟೇ ಸಮವಾಗಿ ಮಾಡಿದೆವು.

ಸಂಜೆ ಫೋನ್ ಮಾಡಿದೆ. ಹೇಳಬೇಕಾದ ವಾಕ್ಯವನ್ನು ಹಾಳೆಯ ಮೇಲೆ ಬರೆದುಕೊಂಡಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಬಸು ಹೇಳಿದ.

“ಆಕಿ ಬಂದಾಳಲೇ! ಮುಂಜಾನಿ ಬಸ್ಸಿಗೆ ಇಳದಾಳ. ಎಂಟನೇ ಮೈಲಿ ಹತ್ರ ಮನಿ ಹಿಡದೀನಿ. ತಡಿ, ಕೊಡ್ತೀನಿ.”

“ಅಣ್ಣಾರ,” ಮಂಜುಳಾಳ ದನಿ. “ರೊಟ್ಟಿ ತಿಂದ್ರಿ ಇಲ್ಲೋ? ನಿಮ್ಮ ಬಾಯಾಗ ಸಕ್ರಿ ಹಾಕ್ಬೇಕು ನೋಡ್ರಿ. ಸಾಲ್ಯಾಗ ಹುಡುಗ್ರು ಅತ್ತು ಅತ್ತು ಕಳಿಸಿದ್ವು. ನಾನೂ ಅತ್ತೆ. ಆದ್ರ ಖುಷಿ ಆತು.”

ಹೂಂ ಎಂದೆ. ಹಾಳೆ ನನ್ನ ಕೈಯಲ್ಲೇ ಇತ್ತು. ಮತ್ತೆ ಹೂಂ ಎಂದೆ. ಲೈನ್ ಕಟ್ ಆಗುತ್ತಿದೆ ಎಂದು ಸುಳ್ಳು ಹೇಳಿ ಇಟ್ಟುಬಿಟ್ಟೆ. ಜಪಾನಿನಲ್ಲಿ ಲೈನ್ ಕಟ್ ಆಗುವುದಿಲ್ಲ.

ಮತ್ತೆ ದಾಸರಹಳ್ಳಿ

ನಾನು ಎಂಟನೇ ಮೈಲಿಯ ಆ ಮನೆಗೆ ಹೋಗುವ ಹೊತ್ತಿಗೆ ಫ್ಯಾಕ್ಟರಿಯಲ್ಲಿ ಸುದ್ದಿ ಒಡೆದಿತ್ತು. ಹೊಸ ಸೆಕ್ಷನ್ ಇಲ್ಲ. ಅದಕ್ಕೆಂದು ಇಟ್ಟುಕೊಂಡಿದ್ದ ಹತ್ತು ಜನ ತಿಂಗಳ ಕೊನೆಯವರೆಗೆ ಮಾತ್ರ. ಬಸು ಮ್ಯಾನೇಜರನ್ನು ವಾಚಾಮಗೋಚರ ಬೈಯುತ್ತಿದ್ದ. ಮಾತು ಕೊಟ್ಟು ತಪ್ಪಿದ ಬೇಕೂಫ ಎಂದು, ಕೇಳಿದವರಿಗೆಲ್ಲ ಹೇಳಿಕೊಂಡು ಬರುತ್ತಿದ್ದ. ಮ್ಯಾನೇಜರು ಯಾರಿಗೂ ಮಾತು ಕೊಟ್ಟಿರಲಿಲ್ಲ. ಮಾತು ಕೊಟ್ಟವನು ಬಸುವಿನ ಎದುರಿಗೇ ಚಾಪೆಯ ಮೇಲೆ ಕೂತು ಟೀ ಕುಡಿಯುತ್ತಿದ್ದ. ನಾನು ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಭಾನುವಾರ. ಬಕೆಟ್ ಬೋರಲು ಹಾಕಿ ಲ್ಯಾಪ್‌ಟಾಪ್ ಇಟ್ಟೆವು. ಮಂಜುಳಾ ನೋಡಿಲ್ಲವೆಂದು ಮೊದಲ ಕಂತಿನಿಂದ ಹಾಕಿದೆವು. ಇಂಗ್ಲಿಷ್ ಬಾರದ ಅವಳಿಗೆ ನಾನು ಕನ್ನಡದಲ್ಲಿ ಹೇಳುತ್ತ ಹೋದೆ. ಆರನೇ ಕಂತು ಬಂತು. ಟಪಾಲಿನವಳು ಸೈಕಲ್ ನಿಲ್ಲಿಸಿದಳು. ನಾನು ಬಾಯಿ ಬಿಡುವ ಮೊದಲೇ ಬಸು ಹೇಳಿದ. “ಕುರುತ್ತೆ! ನೋಡು ಮಂಜು, ಕುರುತ್ತೆ ಅಂದ್ರ ಬರುತ್ತೆ. ಇದನ್ನ ಕಂಡುಹಿಡದಾಂವ ನಮ್ಮ ಗಿರಿ.”

ಚಿತ್ರ ನಿಲ್ಲಿಸಿದೆ. “ಬರುತ್ತೆ ಅಲ್ಲ ಬಸು. ಬರುತ್ತಂತೆ. ಅವರ ತ್ತೆ ಅಂದ್ರೆ ಅಂತೆ.” ಪರದೆಯ ಕೆಳಗಿನ ಇಂಗ್ಲಿಷ್ ಸಾಲಿನ ಮೇಲೆ ಬೆರಳಿಟ್ಟೆ. “ಮೊರಿ-ಸಾನ್ ನಂಗೆ ಹೇಳಿದ್ದೂ ಅಷ್ಟೇ. ಶುರುವಾಗುತ್ತಂತೆ ಅಂದಿದ್ರು. ನಾನು ಶುರುವಾಗುತ್ತೆ ಅಂತ ನಿಂಗೆ ಹೇಳಿದೆ.”

ಬಸು ಪರದೆ ನೋಡಿದ, ನನ್ನನ್ನು ನೋಡಿದ. “ಪಂಡಿತ,” ಎಂದ. ಅಷ್ಟೇ. ಎದ್ದು ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದು ಹೋದ. ಅವನು ಹೊಡೆದಿದ್ದರೆ ಚೆನ್ನಾಗಿತ್ತು.

ಮಂಜುಳಾ ಒಳಗೆ ಹೋಗಿ ಒಂದು ನೋಟ್‌ಬುಕ್ಕು, ಪೆನ್ನು ತಂದು ನನ್ನ ಮುಂದಿಟ್ಟಳು. “ನಮ್ಮ ಕಡೆ ಬರತೈತಂತ. ನಿಮ್ಮ ಕಡೆ ಬರುತ್ತಂತೆ. ಎರಡೂ ಕಡೆ ಅದೊಂದು ಐತ್ರಿ ಅಣ್ಣಾರ. ಬಿಡಬಾರದಿತ್ತು. ನಮ್ಮ ಸಾಲ್ಯಾಗ ಅಕ್ಷರ ಬಿಟ್ರ ಹತ್ತು ಸಲ ಬರಸ್ತಿದ್ದೆ ನಾ.” ದನಿ ಏರಲಿಲ್ಲ. “ಬರೀರಿ.”

ತಮಾಷೆ ಎಂದುಕೊಂಡು ಮುಖ ನೋಡಿದೆ. ತಮಾಷೆಯಾಗಿರಲಿಲ್ಲ. ಶುರುವಾಗುತ್ತಂತೆ ಎಂದು ಬರೆದೆ. ಎರಡನೆಯದು. ಮೂರನೆಯದು. ಅವಳು ಪಕ್ಕದಲ್ಲಿ ಕೂತು, ಪ್ರತಿ ಸಾಲಿಗೂ ಬೆರಳಿಟ್ಟು ನೋಡಿದಳು. ಏಳನೆಯದಕ್ಕೆ ಬೆರಳು ಬರಲಿಲ್ಲ. ತಲೆ ಎತ್ತಿ ನೋಡುವ ಧೈರ್ಯ ನನಗಾಗಲಿಲ್ಲ. ಹತ್ತೂ ಮುಗಿಸಿದೆ.

“ಸರಿ ಐತಿ,” ಎಂದಳು. “ಮುಂದ ಹಾಕ್ರಿ. ಆಕಿ ಏನ್ ಮಾಡ್ತಾಳ ನೋಡೂಣು.”

ಕೊನೆಯ ಕಂತಿನವರೆಗೂ ಇಬ್ಬರೇ ನೋಡಿದೆವು. ಸಮುದ್ರ ಬರಲಿಲ್ಲ. ನಾಗಿ ದಿಮ್ಮಿಗಳನ್ನು ತಾನೇ ತೆಗೆದಳು, ದೋಣಿ ಒಂದು ಪಕ್ಕಕ್ಕೆ ವಾಲಿತು. ವಾಲಿದ ದೋಣಿಯೊಳಗೆ ಕೂತು ಬುತ್ತಿ ಬಿಚ್ಚಿ ತಿಂದಳು. ಕಥೆ ಮುಗಿಯಿತು. ಮಂಜುಳಾ ಒಂದೇ ಮಾತು ಹೇಳಿದಳು. “ಆ ಟಪಾಲಿನಾಕಿಗೆ ಒಂದು ಮಾತೂ ಬೈಲಿಲ್ಲಲ್ರಿ ಈಕಿ.”

ಮಂಗಳವಾರ ಅವಳು ಇಳಕಲ್ ಬಸ್ ಹತ್ತಿದಳು. ಬಸು ಈಗ ಊರಿನ ಇನ್ನೊಂದು ತುದಿಯಲ್ಲಿ, ಅತ್ತಿಬೆಲೆಯ ಒಂದು ಶೆಡ್ಡಿನಲ್ಲಿ ಆರು ಜನರ ಜೊತೆ ಇದ್ದಾನೆ. ಭಾನುವಾರ ನಾನು ಏನನ್ನೂ ನೋಡುವುದಿಲ್ಲ. ಮಂಜುಳಾಳ ಜಾಗಕ್ಕೆ ಶಾಲೆಯವರು ಬೇರೆ ಟೀಚರನ್ನು ತೆಗೆದುಕೊಂಡಿದ್ದಾರಂತೆ. ಬಸು ಫೋನಿನಲ್ಲಿ ಹೇಳಿದ್ದು ಇದು. ನಾನು ಕಣ್ಣಾರೆ ನೋಡಿಲ್ಲ. ಅದಕ್ಕೇ ‘ಅಂತೆ’ ಎಂದು ಬರೆದಿದ್ದೇನೆ.